ಗುಡ್ಡದ ತೋಟದಲ್ಲಿ ಸಣ್ಣ ಟ್ರ್ಯಾಕ್ಟರ್‌ನಿಂದ ದಿಮ್ಮಿ ಎಳೆಯುವುದು ಹೇಗೆ?

ಕಾಫಿ ಕೊಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳುವುದರೊಳಗೆ ಸಿಗುವ ಒಂದೆರಡು ತಿಂಗಳು ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ತೋಟಗಳಲ್ಲಿ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಮರ ತೆಗೆಯುವ ಕಾಲ. ಕಡಿಯುವುದಕ್ಕೆ ಯಂತ್ರದ ಗರಗಸದವರು ಸಿಗುತ್ತಾರೆ. ಕಡಿದು ಬಿದ್ದದ್ದನ್ನು ಲಾರಿ ನಿಲ್ಲುವ ಜಾಗಕ್ಕೆ ತರುವುದೇ ನಿಜವಾದ ತಲೆನೋವು. ಹಿಂದೆ ಈ ಕೆಲಸಕ್ಕೆ ಆನೆ ಬರುತ್ತಿತ್ತು. ಈಗ ಬಹಳ ತೋಟಗಳಲ್ಲಿ ಇರುವುದು 20ರಿಂದ 28 ಎಚ್‌ಪಿಯ ಸಣ್ಣ ಫೋರ್‌ವೀಲ್ (ನಾಲ್ಕೂ ಚಕ್ರ ಎಳೆಯುವ) ಟ್ರ್ಯಾಕ್ಟರ್: ಮಹೀಂದ್ರ ಜೀವೊ, ಕುಬೋಟ, ವಿಎಸ್‌ಟಿ ಇಂಥವು. ಭಾರ ಜಾಸ್ತಿ ಅನ್ನಿಸಿದರೆ ಆನೆ ನಿಂತುಬಿಡುತ್ತದೆ. ಟ್ರ್ಯಾಕ್ಟರಿಗೆ ಆ ಬುದ್ಧಿ ಇಲ್ಲ, ಮಗುಚುವ ತನಕ ಎಳೆಯುತ್ತದೆ. ಹಾಗಾಗಿ ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕ ಕೆಲಸಕ್ಕೆ ಇಳಿಯುವ ಮೊದಲೇ ಆಗಿರಬೇಕು.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ರಬ್ಬರ್‌ನಂಥ ಕೆಲವು ಮರಗಳಿಗೆ ಕಡಿತಲೆಯ ಅನುಮತಿಯಿಂದ ವಿನಾಯಿತಿ ಇದೆ. ಹಲಸು, ನಂದಿ, ಬೀಟೆ ಮುಂತಾದ ಕಾಡುಜಾತಿಯ ಮರಗಳ ವಿಷಯ ಬೇರೆ. ಏನೇ ಇದ್ದರೂ ಲಾರಿಗೆ ಹೇಳುವ ಮೊದಲು ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸಾಗಣೆ ಪರವಾನಗಿ ವಿಚಾರಿಸಿ.

ಮೊದಲು ದಿಮ್ಮಿಯ ತೂಕ

ನಾಟಾ ವ್ಯಾಪಾರಿಗಳು ಅಳೆಯುವ ರೀತಿ ಎಲ್ಲರಿಗೂ ಗೊತ್ತು. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು. ಸುತ್ತಳತೆ 40 ಇಂಚು, ಉದ್ದ 12 ಅಡಿಯ ದಿಮ್ಮಿ ಎಂದುಕೊಳ್ಳಿ. ಕಾಲುಭಾಗ 10 ಇಂಚು. 10×10×12 ಅಂದರೆ 1200, ಅದನ್ನು 144ರಿಂದ ಭಾಗಿಸಿದರೆ 8.3 ಘನ ಅಡಿ. ತೂಕ ಲೆಕ್ಕ ಹಾಕುವಾಗ ಎಡವುವುದು ಇಲ್ಲೇ. ಈ ವ್ಯಾಪಾರದ ಅಳತೆ ಮರದ ನಿಜವಾದ ಗಾತ್ರಕ್ಕಿಂತ ಕಡಿಮೆ ತೋರಿಸುತ್ತದೆ. ನಿಜದ ಗಾತ್ರ ಇದರ 1.27 ಪಟ್ಟು. ಹಸಿ ಮರ ನೀರಿಗಿಂತ ಸ್ವಲ್ಪವೇ ಹಗುರ ಎಂದು ಹಿಡಿದರೆ, ವ್ಯಾಪಾರದ ಪ್ರತಿ ಘನ ಅಡಿಗೆ 35 ಕಿಲೋ ಲೆಕ್ಕ. ಅಂದರೆ ಈ ದಿಮ್ಮಿ ಸುಮಾರು 290 ಕಿಲೋ. ಕಡಿದು ತಿಂಗಳಾದ ಮರ ಇನ್ನೂ ಹಗುರ ಇರಬಹುದು, ಆದರೂ ಹಸಿ ಲೆಕ್ಕವನ್ನೇ ಇಟ್ಟುಕೊಳ್ಳಿ.

ಇನ್ನು ಟ್ರ್ಯಾಕ್ಟರಿನ ಲೆಕ್ಕ. ಗುಡ್ಡದಲ್ಲಿ ಎಳೆಯುವ ಶಕ್ತಿಯನ್ನು ಎಚ್‌ಪಿ ತೀರ್ಮಾನಿಸುವುದಿಲ್ಲ, ಚಕ್ರದ ಮೇಲಿನ ಭಾರ ಮತ್ತು ನೆಲದ ಹಿಡಿತ ತೀರ್ಮಾನಿಸುತ್ತವೆ. 650 ಕಿಲೋ ಟ್ರ್ಯಾಕ್ಟರ್, ಚಾಲಕ, ಟೈರಿನೊಳಗಿನ ನೀರು, ಮುಂದಿನ ತೂಕ ಎಲ್ಲ ಸೇರಿ 900 ಕಿಲೋ ಎಂದಿಟ್ಟುಕೊಳ್ಳಿ. ತರಗೆಲೆ ಬಿದ್ದ, ಸ್ವಲ್ಪ ತೇವದ ನೆಲದಲ್ಲಿ ಫೋರ್‌ವೀಲ್ ಹಾಕಿದರೆ ಅದಕ್ಕೆ ಸಿಗುವ ಹಿಡಿತ ಸುಮಾರು 400 ಕಿಲೋ. ಮೀಟರಿಗೆ 20 ಸೆಂಟಿಮೀಟರ್ ಏರುವ ದಾರಿಯಲ್ಲಿ ತನ್ನ ಭಾರವನ್ನೇ ಹೊತ್ತು ಹತ್ತಲು 180 ಕಿಲೋ ಹೋಯಿತು. ಚಕ್ರ ಮಣ್ಣಿನಲ್ಲಿ ಉರುಳುವುದಕ್ಕೆ ಇನ್ನೊಂದು 50. ಕೈಯಲ್ಲಿ ಉಳಿದದ್ದು 170.

290 ಕಿಲೋ ದಿಮ್ಮಿಯನ್ನು ನೆಲದ ಮೇಲೆ ಪೂರ್ತಿ ಮಲಗಿಸಿ ಅದೇ ಏರಿನಲ್ಲಿ ಎಳೆಯಲು ಬೇಕಾಗುವುದು 230 ಕಿಲೋ ಬಲ. ಆಗುವುದಿಲ್ಲ, ಚಕ್ರ ತಿರುಗಿ ಗುಂಡಿ ತೋಡುತ್ತದೆ. ದಿಮ್ಮಿಯ ಮುಂದಿನ ತುದಿಯನ್ನು ಎತ್ತಿದರೆ ಅರ್ಧ ಭಾರ ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ, ನೆಲದ ಉಜ್ಜು ಅರ್ಧವಾಗುತ್ತದೆ. ಆಗ ಬೇಕಾಗುವುದು 145 ಮಾತ್ರ, ಜೊತೆಗೆ ಹಿಂದಿನ ಚಕ್ರಕ್ಕೆ ಹಿಡಿತವೂ ಹೆಚ್ಚಾಗುತ್ತದೆ. ಹಾಗೂ ಹೀಗೂ ಹತ್ತುತ್ತದೆ. ಆದ್ದರಿಂದ ಇಂಥ ಏರಿನಲ್ಲಿ ಸಣ್ಣ ಟ್ರ್ಯಾಕ್ಟರಿಗೆ 300 ಕಿಲೋ ಕೊನೆಯ ಮಿತಿ. ಸಮತಟ್ಟಿನಲ್ಲಿ ಅದರ ಎರಡು ಪಟ್ಟು ಎಳೆದ ಟ್ರ್ಯಾಕ್ಟರ್ ಇಲ್ಲಿ ಸೋತರೆ ಅದರಲ್ಲಿ ಯಂತ್ರದ ದೋಷ ಏನೂ ಇಲ್ಲ.

ಸಾಧ್ಯವಿದ್ದಷ್ಟೂ ಭಾರ ಇಳಿಜಾರಿನ ಕಡೆಗೇ ಹೋಗಲಿ. ಬರೆಯ (ಕಡಿದಾದ ದಿಣ್ಣೆಯ) ಕೆಳಗೆ ಬಿದ್ದ ಮರಕ್ಕಾಗಿ ಟ್ರ್ಯಾಕ್ಟರನ್ನು ಕೆಳಗೆ ಇಳಿಸಬೇಡಿ. ಅದು ಮೇಲಿನ ರಸ್ತೆಯಲ್ಲೇ ಇರಲಿ, ವೈರ್ ರೋಪ್ ಕೆಳಗೆ ಇಳಿಯಲಿ.

ದಾರಿ

ಇಳಿಜಾರನ್ನು ಕಣ್ಣಳತೆಯಲ್ಲಿ ಹೇಳಬೇಡಿ, ಕಣ್ಣು ಯಾವಾಗಲೂ ಕಡಿಮೆ ಹೇಳುತ್ತದೆ. ಒಂದು ಮೀಟರಿನ ನೇರ ಕೋಲಿನ ಒಂದು ತುದಿಯನ್ನು ನೆಲಕ್ಕಿಟ್ಟು, ಮೇಸ್ತ್ರಿಗಳ ರಸಮಟ್ಟ ಇಟ್ಟು ಅಡ್ಡ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆಯೋ ಅದೇ ಶೇಕಡಾ ಇಳಿಜಾರು. ದಿಮ್ಮಿ ಕಟ್ಟಿಕೊಂಡು ನೇರ ಇಳಿಯುವುದಾದರೆ 25 ದಾಟಬೇಡಿ, ಹತ್ತುವುದಾದರೆ 20. ಗುಡ್ಡಕ್ಕೆ ಅಡ್ಡವಾಗಿ ಹೋಗುವಾಗ 10 ಸಾಕು. ತೋಟದ ಸಾಲಿಗೆ ಹೊಂದಲೆಂದು ಈ ಟ್ರ್ಯಾಕ್ಟರುಗಳ ಅಗಲವನ್ನು ಕಡಿಮೆ ಇಟ್ಟಿರುತ್ತಾರೆ. ಸಾಲಿನೊಳಗೆ ಅದು ಅನುಕೂಲ, ಅಡ್ಡ ಇಳಿಜಾರಿನಲ್ಲಿ ಅದೇ ಅಪಾಯ. ಮರ ಎಳೆಯುವ ವಾರದಲ್ಲಿ ಹಿಂದಿನ ಚಕ್ರಗಳನ್ನು ಅದಲುಬದಲು ಮಾಡಿ ಅಗಲ ಹೆಚ್ಚಿಸಲು ಬರುವುದಾದರೆ ಹೆಚ್ಚಿಸಿ.

ದಾರಿಯನ್ನು ಮೊದಲು ಕಾಲಿನಿಂದ ನಡೆದು, ಕೋಲಿನಿಂದ ತಿವಿದು ನೋಡಬೇಕು. ಕಾಫಿ ತೋಟದಲ್ಲಿ ನೀರು ಇಂಗಲು ತೋಡಿದ ತೊಟ್ಟಿಲು ಗುಂಡಿಗಳು ತರಗೆಲೆ ತುಂಬಿಕೊಂಡು ನೆಲದ ಹಾಗೇ ಕಾಣುತ್ತವೆ. ಕೆಳಬದಿಯ ಚಕ್ರ ಒಂದಡಿ ಆಳದ ಗುಂಡಿಗೆ ಇಳಿದರೆ 10 ಸೆಂಟಿಮೀಟರ್ ಇಳಿಜಾರು ಆ ಕ್ಷಣಕ್ಕೆ 35–40 ಆಗುತ್ತದೆ, ಮಗುಚಲು ಅಷ್ಟು ಸಾಕು. ದಾರಿಯಲ್ಲಿ ಬರುವ ಗುಂಡಿಗಳಿಗೆ ಕೊಂಬೆ ತುಂಬಿಸಿ ಮಣ್ಣು ಮುಚ್ಚಿ. ಬೊಡ್ಡೆಗಳನ್ನು ನೆಲಮಟ್ಟಕ್ಕೆ ಕೊಯ್ಯಿಸಿ. ಸ್ಪ್ರಿಂಕ್ಲರ್ ಪೈಪು, ಸೋಲಾರ್ ಬೇಲಿಯ ತಂತಿ ಇದ್ದಲ್ಲಿ ಬಟ್ಟೆ ಕಟ್ಟಿ ಗುರುತು ಮಾಡಿ. ತಿರುವು ಆದಷ್ಟು ಕಡಿಮೆ ಇರಲಿ: 12 ಅಡಿಯ ದಿಮ್ಮಿ ಟ್ರ್ಯಾಕ್ಟರ್ ಹೋದ ದಾರಿಯಲ್ಲೇ ಬರುವುದಿಲ್ಲ, ಒಳಬದಿಯ ಕಾಫಿ ಗಿಡವನ್ನು ಉಜ್ಜಿಕೊಂಡು ಬರುತ್ತದೆ. ತಿರುವಿನ ಒಳಬದಿಯಲ್ಲಿ ಒಂದು ಕಾವಲು ಗೂಟ ಹುಗಿದರೆ ಗೂಟದ ತೊಗಟೆ ಹೋಗುತ್ತದೆ, ಗಿಡ ಉಳಿಯುತ್ತದೆ.

ಟ್ರ್ಯಾಕ್ಟರಿನ ತಯಾರಿ

ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿ. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿ, ವಾಲ್ವಿನ ಮಟ್ಟದವರೆಗೆ ತುಂಬಿಸಿದರೆ ಅದೇ ಮುಕ್ಕಾಲು. 8.3-20 ಟೈರಾದರೆ ಒಂದಕ್ಕೆ ಸುಮಾರು 60 ಲೀಟರ್. ಈ ಭಾರ ತಳದಲ್ಲಿ ಕೂರುವುದರಿಂದ ಹಿಡಿತವನ್ನೂ ಕೊಡುತ್ತದೆ, ಮಗುಚುವುದನ್ನೂ ತಡೆಯುತ್ತದೆ. ಮುಂದುಗಡೆ ಕಂಪನಿಯ ತೂಕದ ಬಿಲ್ಲೆಗಳನ್ನು ಹಾಕಿ. ಒಟ್ಟು ಭಾರದ ಐದನೇ ಒಂದು ಪಾಲಾದರೂ ಮುಂದಿನ ಚಕ್ರದ ಮೇಲೆ ಇರದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ.

ಎರಡು ಬ್ರೇಕ್ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಿ. ಉಳುವಾಗ ಬಿಡಿಸಿಟ್ಟದ್ದನ್ನು ಮರೆತು ಇಳಿಜಾರಿನಲ್ಲಿ ಒಂದೇ ಪೆಡಲ್ ಒತ್ತಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಸೀಟಿನ ಹಿಂದಿನ ರಕ್ಷಣಾ ಕಮಾನನ್ನು ಕೊಂಬೆ ತಾಗುತ್ತದೆಂದು ಬಿಚ್ಚಿಟ್ಟವರು ಬಹಳ ಜನ. ಮರ ಎಳೆಯುವ ದಿನ ಅದು ನೇರ ನಿಂತಿರಲೇಬೇಕು, ಅದರ ಜೊತೆ ಸೀಟ್ ಬೆಲ್ಟೂ ಇರಬೇಕು. ಕಮಾನು ಮಡಚಿದ್ದರೆ ಮಾತ್ರ ಬೆಲ್ಟ್ ಬೇಡ. ಮಡ್ಗಾರ್ಡ್ ಮೇಲೆ ಯಾರನ್ನೂ ಕೂರಿಸಬೇಡಿ, ಮೇಸ್ತ್ರಿಯೇ ಆಗಲಿ, ಮಾಲೀಕರೇ ಆಗಲಿ.

ಚೈನು, ಕೊಕ್ಕೆ, ರೋಪು

ಚೈನು ಕೊಳ್ಳುವಾಗ ಗ್ರೇಡ್ 80 ಎಂದು ಕೇಳಿ, ಕೊಂಡಿಗಳ ಮೇಲೆ 8 ಎಂಬ ಅಚ್ಚು ಇರುತ್ತದೆ. 8 ಎಂಎಂ ಚೈನಿನ ಸುರಕ್ಷಿತ ಭಾರ 2 ಟನ್. ಕುಣಿಕೆ ಹಾಕಿ ಬಿಗಿದಾಗ ಅದರ ಐದರಲ್ಲಿ ಒಂದು ಪಾಲು ಕಡಿಮೆ ಎಂದು ಹಿಡಿಯಬೇಕು. ಸಣ್ಣ ಟ್ರ್ಯಾಕ್ಟರಿಗೆ ಅದೂ ಹೆಚ್ಚೇ. ಎರಡೂವರೆ ಮೀಟರಿನ ಎರಡು ಚೈನು, ಒಂದು ತುದಿಗೆ ಜಾರುವ ಕೊಕ್ಕೆ, ಇನ್ನೊಂದು ತುದಿಗೆ ಕೊಂಡಿ ಹಿಡಿದು ನಿಲ್ಲುವ ಕೊಕ್ಕೆ ಸಾಕು. ದನ ಕಟ್ಟುವ ಚೈನು, ಬಾವಿಯ ಚೈನು ಇದಕ್ಕೆ ಬೇಡ.

ನೈಲಾನ್ ಹಗ್ಗ ಬೇಡವೇ ಬೇಡ. ಅದು ರಬ್ಬರಿನ ಹಾಗೆ ಹಿಗ್ಗಿ, ತುಂಡಾದ ಕ್ಷಣ ತುದಿಯಲ್ಲಿರುವ ಕೊಕ್ಕೆಯನ್ನು ಕಲ್ಲಿನಂತೆ ಬೀಸುತ್ತದೆ. ದೂರಕ್ಕೆ 10 ಎಂಎಂ ಉಕ್ಕಿನ ವೈರ್ ರೋಪ್ ತನ್ನಿ. ಒಳ್ಳೆಯದು 5 ಟನ್‌ಗೂ ಮೇಲೆ ತುಂಡಾಗುತ್ತದೆ, ಬಳಸುವುದು ಅದರ ಐದನೇ ಒಂದು ಭಾಗ, ಅಂದರೆ 1 ಟನ್. ತುದಿಯ ಕಣ್ಣಿಗೆ ಒಳಗೊಂದು ಲೋಹದ ಬಳೆ ಕೊಟ್ಟು ಮೂರು ಕ್ಲಿಪ್ ಹಾಕಿ, ಕ್ಲಿಪ್‌ಗಳ ನಡುವೆ 6 ಸೆಂಟಿಮೀಟರ್ ಬಿಡಿ. ಕ್ಲಿಪ್ಪಿನ ತಟ್ಟೆ ಭಾರ ಹೊರುವ ಉದ್ದನೆಯ ರೋಪಿನ ಕಡೆಗೆ, ಯು ಬೋಲ್ಟ್ ಮಡಚಿದ ಗಿಡ್ಡ ತುದಿಯ ಕಡೆಗೆ ಬರಬೇಕು. ತಿರುಗುಮುರುಗಾದರೆ ಬೋಲ್ಟ್ ಭಾರದ ರೋಪನ್ನೇ ಕಚ್ಚಿ ಸವೆಸುತ್ತದೆ. ಮೊದಲ ದಿಮ್ಮಿ ಎಳೆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಅವು ಸಡಿಲವಾಗಿಯೇ ಇರುತ್ತವೆ.

ಎಲ್ಲಿಗೆ ಕಟ್ಟಬೇಕು

ಈ ಕೆಲಸದಲ್ಲಿ ಜೀವ ಹೋಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ. ದಿಮ್ಮಿ ಬೊಡ್ಡೆಗೆ ಸಿಕ್ಕಿಕೊಂಡಿತು, ಟ್ರ್ಯಾಕ್ಟರ್ ಎಳೆಯುತ್ತಿದೆ ಎಂದುಕೊಳ್ಳಿ. ಹಿಂದಿನ ಚಕ್ರ ನೆಲ ಹಿಡಿದು ನಿಂತಿತು, ಎಂಜಿನ್ ಮಾತ್ರ ತಿರುಗಿಸುತ್ತಲೇ ಇದೆ. ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರೇ ಹಿಂದಿನ ಆಕ್ಸಲ್ ಸುತ್ತ ತಿರುಗಬೇಕು, ಮೂತಿ ಮೇಲಕ್ಕೆ. ಚೈನನ್ನು ಆಕ್ಸಲ್‌ಗಿಂತ ಕೆಳಗೆ ಕಟ್ಟಿದ್ದರೆ ಆ ಎಳೆತವೇ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಆಕ್ಸಲ್‌ಗಿಂತ ಮೇಲೆ, ಉಪಕರಣ ಜೋಡಿಸುವ ಮೇಲಿನ ತೋಳಿನ (ಟಾಪ್ ಲಿಂಕಿನ) ಪಿನ್ನಿಗೋ ಸೀಟಿನ ಕೆಳಗಿನ ಕಬ್ಬಿಣಕ್ಕೋ ಸುತ್ತಿದ್ದರೆ ಅದೇ ಎಳೆತ ಮಗುಚುವುದಕ್ಕೆ ಸಹಾಯ ಮಾಡುತ್ತದೆ. ಪೂರ್ತಿ ಮಗುಚಲು ಒಂದೂವರೆ ಸೆಕೆಂಡ್ ಸಾಕು, ಅದರ ಅರ್ಧ ಕಳೆಯುವಷ್ಟರಲ್ಲಿ ಕ್ಲಚ್ ಒತ್ತಿದರೂ ಪ್ರಯೋಜನವಿಲ್ಲದ ಹಂತ ದಾಟಿರುತ್ತದೆ. ಕಾಲು ಕ್ಲಚ್‌ಗೆ ಹೋಗುವುದಕ್ಕೇ ಅಷ್ಟು ಹೊತ್ತು ಬೇಕು.

ಕಟ್ಟುವುದು ಡ್ರಾಬಾರ್‌ಗೆ (ಟ್ರ್ಯಾಕ್ಟರಿನ ಹಿಂದೆ ತಗ್ಗಿನಲ್ಲಿರುವ ಎಳೆಯುವ ಪಟ್ಟಿಗೆ) ಮಾತ್ರ. ದಿಮ್ಮಿಯ ಮುಂದಿನ ತುದಿ ಎತ್ತಬೇಕಾದರೆ ಲಿಫ್ಟಿನ ಕೆಳಗಿನ ಎರಡು ತೋಳಿಗೆ (ಲಿಂಕಿಗೆ) ಅಡ್ಡ ಪಟ್ಟಿ ಹಾಕಿ, ನಡುವಿನ ತೂತಿಗೆ ಚೈನು ಕಟ್ಟಿ. ಆದರೆ ಲಿಂಕ್ ಎತ್ತಿದಷ್ಟೂ ಎಳೆಯುವ ಜಾಗ ಮೇಲೇರಿ ಆಕ್ಸಲ್ ಮಟ್ಟಕ್ಕೆ ಬರುತ್ತದೆ, ಇದನ್ನು ಮರೆಯಬಾರದು. ದಿಮ್ಮಿಯ ತುದಿ ನೆಲದಿಂದ ಒಂದು ಗೇಣು ಎದ್ದರೆ ಸಾಕು. ಎರಡು ಲಿಂಕಿನ ಪಕ್ಕದ ಚೈನುಗಳನ್ನು ಬಿಗಿ ಮಾಡಿ, ಇಲ್ಲವಾದರೆ ದಿಮ್ಮಿ ತೂಗಾಡಿ ಟೈರಿಗೆ ಬಡಿಯುತ್ತದೆ. ಲಿಫ್ಟ್ 750 ಕಿಲೋ ಎತ್ತುತ್ತದೆ ಎಂದು ಪುಸ್ತಕದಲ್ಲಿ ಬರೆದಿರಬಹುದು. ಏರಿನಲ್ಲಿ ಮುಂದಿನ ಚಕ್ರ ಅದಕ್ಕಿಂತ ಬಹಳ ಮೊದಲೇ ನೆಲ ಬಿಡುತ್ತದೆ.

ಎಳೆಯುವ ಕ್ರಮ

ದಿಮ್ಮಿಯ ಅಡಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ, ತರಗೆಲೆಯ ತಂಪಿನಲ್ಲಿ ಗುಳಿಮಂಡಲ ಹಾವು ಮಲಗಿರುವುದುಂಟು. ಹಾರೆಯಿಂದ ಮೀಟಿ ಅಡಿಗೊಂದು ತುಂಡು ಕೊಟ್ಟು ಚೈನು ತೂರಿಸಿ. ಬುಡದ ಕಡೆಯಿಂದ ಕಟ್ಟಿದರೆ ಕೊಂಬೆ ಕಡಿದ ಮೊಂಡುಗಳು ಹಿಂದಕ್ಕೆ ಒರಗಿ ನೆಲಕ್ಕೆ ಕಚ್ಚುವುದಿಲ್ಲ. ಬುಡ ತೀರಾ ಭಾರವಾಗಿ ಮುಂದಿನ ಚಕ್ರ ಹಗುರಾಗುವುದಾದರೆ ತುದಿಯ ಕಡೆಯಿಂದ ಕಟ್ಟಿ, ಆಗ ಮೊಂಡುಗಳನ್ನು ನುಣ್ಣಗೆ ಸವರಲೇಬೇಕು. ಕುಣಿಕೆ ತುದಿಯಿಂದ ಒಂದೂವರೆ ಅಡಿ ಒಳಗಿರಲಿ. ಹಸಿ ತೊಗಟೆ ಸುಲಿದುಕೊಂಡು ಚೈನು ಜಾರುವುದು ಮಾಮೂಲಿ, ಕುಣಿಕೆ ಕೂರುವ ಜಾಗದ ತೊಗಟೆಯನ್ನು ಕತ್ತಿಯಿಂದ ಮೊದಲೇ ತೆಗೆದುಬಿಡಿ.

ದಿಮ್ಮಿಯ ಮೂತಿಯ ಕೆಳ ಅಂಚನ್ನು ಓರೆಯಾಗಿ ಕೊಯ್ದರೆ ಅದು ದೋಣಿಯ ಹಾಗೆ ಮಣ್ಣಿನ ಮೇಲೆ ಏರುತ್ತದೆ. ವ್ಯಾಪಾರಿ ಅಳತೆ ಕಡಿಮೆಯಾಯಿತು ಎಂದು ಗೊಣಗಬಹುದು. ಕೊಯ್ಯಲು ಇಷ್ಟವಿಲ್ಲದಿದ್ದರೆ 200 ಲೀಟರಿನ ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಮೂತಿಯ ಅಡಿಗಿಟ್ಟು, ತಳದಲ್ಲಿ ತೂತು ಮಾಡಿ ಚೈನು ಹಾಯಿಸಿ. ಬೊಡ್ಡೆ, ಕಲ್ಲುಗಳ ಮೇಲೆ ಸಲೀಸಾಗಿ ಜಾರಿಕೊಂಡು ಬರುತ್ತದೆ.

ಟ್ರ್ಯಾಕ್ಟರ್ ದಿಮ್ಮಿಯ ನೇರಕ್ಕೇ ನಿಲ್ಲಬೇಕು, ಪಕ್ಕಕ್ಕೆ ಎಳೆದು ಹೊರಡಿಸಬಾರದು. ಲೋ ಒಂದನೇ ಗೇರ್, ಫೋರ್‌ವೀಲ್, ಎಂಜಿನ್ ಸಾಧಾರಣ ವೇಗ. ಚೈನಿನ ಸಡಿಲು ಹೋಗುವ ತನಕ ಇಂಚಿಂಚಾಗಿ ಮುಂದೆ ಹೋಗಿ, ಆಮೇಲೆ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಜಗ್ಗಿ ಎಳೆಯಬೇಡಿ. ಟ್ರ್ಯಾಕ್ಟರಿನ ಮೂತಿ ಏಳುತ್ತಿದೆ ಎನ್ನಿಸಿದ ಕೂಡಲೇ ಕ್ಲಚ್ ಒತ್ತಿ ನಿಲ್ಲಿ, ಏಕೆ ಎಂದು ಹಿಂದಕ್ಕೆ ನೋಡುವುದು ಆಮೇಲೆ. ದಿಮ್ಮಿ ಬೊಡ್ಡೆಗೆ ಸಿಕ್ಕಿದರೆ ಜೋರು ಮಾಡುವುದರಲ್ಲಿ ಅರ್ಥವಿಲ್ಲ. ಚೈನು ಬಿಚ್ಚಿ ದಿಮ್ಮಿಗೆ ಒಂದೂವರೆ ಸುತ್ತು ಸುತ್ತಿ ಕಟ್ಟಿ. ಎಳೆದಾಗ ಸುತ್ತು ಬಿಚ್ಚಿಕೊಳ್ಳುತ್ತ ದಿಮ್ಮಿ ಉರುಳಿ ಪಕ್ಕಕ್ಕೆ ಬರುತ್ತದೆ. ಉರುಳುವ ಕಡೆ ಯಾರೂ ಇರಬಾರದು.

ಇಳಿಯುವಾಗ

ಹತ್ತಲು ಯಾವ ಗೇರೋ ಇಳಿಯಲೂ ಅದೇ ಗೇರ್, ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ಈ ಟ್ರ್ಯಾಕ್ಟರುಗಳ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್‌ವೀಲ್ ಹಾಕಿದ್ದರೆ ಎಂಜಿನ್ನಿನ ತಡೆ ನಾಲ್ಕೂ ಚಕ್ರಕ್ಕೆ ಸಿಗುತ್ತದೆ. ಏರಿನಲ್ಲಿ ಕ್ಲಚ್ ನಿಮ್ಮನ್ನು ಉಳಿಸಿದರೆ, ಇಳಿಜಾರಿನಲ್ಲಿ ಅದೇ ಕ್ಲಚ್ ಒತ್ತಿದರೆ ಗಾಡಿ ಕೈತಪ್ಪುತ್ತದೆ.

ಒಣ ನೆಲದಲ್ಲಿ ಎಳೆಯುವ ದಿಮ್ಮಿಯೇ ಲಂಗರು. ಹಿಂದಿನ ರಾತ್ರಿ ಒಂದು ಹದ ಮಳೆ ಬಂದು ಜೇಡಿಮಣ್ಣು ನೆನೆದಿದ್ದರೆ ಅದೇ ದಿಮ್ಮಿ ತಾನಾಗಿ ಜಾರಿ ಹಿಂದಿನಿಂದ ಟೈರಿಗೆ ಗುದ್ದುತ್ತದೆ. ಚೈನು ಗಿಡ್ಡವಿರಲಿ, ಒಂದಡಿಗಿಂತ ಹೆಚ್ಚು ಸಡಿಲು ಬೇಡ. ದಿಮ್ಮಿಯ ಹಿಂದಿನ ತುದಿಗೆ ಇನ್ನೊಂದು ಚೈನನ್ನು ಎರಡು ಸುತ್ತು ಸುತ್ತಿದರೆ ಅದು ನೆಲ ಕೆರೆದು ತಡೆಯಾಗುತ್ತದೆ. ತಳ್ಳುತ್ತಿದೆ ಎನ್ನಿಸಿದರೆ ಲಿಫ್ಟ್ ಇಳಿಸಿ ದಿಮ್ಮಿಯ ಮೂತಿಯನ್ನು ನೆಲಕ್ಕೆ ಬಿಡಿ. ಕೈ ಲಿಫ್ಟ್ ಸನ್ನೆಯ ಹತ್ತಿರವೇ ಇರಲಿ. ಹೂಮಳೆ ಬಿದ್ದ ಮೇಲೆ ಎರಡು ದಿನ ಬಿಸಿಲು ಕಾಯುವುದು ನಷ್ಟವಲ್ಲ. ಬ್ರೇಕಿಲ್ಲದ ಟ್ರೈಲರಿಗೆ ದಿಮ್ಮಿ ಹೇರಿ ಇಂಥ ಇಳಿಜಾರಿನಲ್ಲಿ ಇಳಿಯುವುದು ಮಾತ್ರ ಬೇಡವೇ ಬೇಡ. ಟ್ರೈಲರ್ ಸಮತಟ್ಟಿನ ರಸ್ತೆಗೆ ಇರಲಿ.

ಬರೆಯ ಕೆಳಗಿನ ಮರಕ್ಕೆ ಕಪ್ಪಿ (ರಾಟೆ)

ಪಿಟಿಒದಿಂದ (ಟ್ರ್ಯಾಕ್ಟರಿನ ಹಿಂದಿನ ತಿರುಗುವ ಶಾಫ್ಟಿನಿಂದ) ನಡೆಯುವ ವಿಂಚ್, ಅಂದರೆ ರೋಪ್ ಸುತ್ತಿ ಎಳೆಯುವ ಯಂತ್ರ ಇದ್ದರೆ ಕೆಲಸ ಸುಲಭ. ಆದರೆ 3 ಟನ್ ಎಳೆಯುವ ವಿಂಚನ್ನು 700 ಕಿಲೋ ಟ್ರ್ಯಾಕ್ಟರಿಗೆ ಕಟ್ಟಿದರೆ, ದಿಮ್ಮಿ ಸಿಕ್ಕಿಕೊಂಡಾಗ ಬರುವುದು ಟ್ರ್ಯಾಕ್ಟರೇ. ವಿಂಚಿನ ತಟ್ಟೆಯನ್ನು ನೆಲಕ್ಕೆ ಊರಿ, ಗಾಡಿಯ ಮುಂಭಾಗವನ್ನು ಗಟ್ಟಿ ಮರಕ್ಕೆ ಕಟ್ಟಿ, ರೋಪಿನ ನೇರಕ್ಕೆ ನಿಲ್ಲಿಸಿ.

ವಿಂಚ್ ಇಲ್ಲದವರಿಗೆ ಟ್ರ್ಯಾಕ್ಟರಿನ ಬಲದಲ್ಲೇ ಅಗ್ಗದ ದಾರಿ ಇದೆ: 50 ಮೀಟರ್ ವೈರ್ ರೋಪ್, ಒಂದು ಕಪ್ಪಿ, ಮೂರು ಇಂಚು ಅಗಲದ ಚಪ್ಪಟೆ ಬೆಲ್ಟ್, ಒಂದು ಡಿ ಶ್ಯಾಕಲ್ (ಡಿ ಆಕಾರದ ಕೊಂಡಿ). ದಿಮ್ಮಿಯ ನೇರ ಮೇಲಕ್ಕೆ, ರಸ್ತೆಯ ಆಚೆ ಬದಿಯಲ್ಲಿ ಮೂರಡಿ ಸುತ್ತಳತೆಗೆ ಕಡಿಮೆಯಿಲ್ಲದ ಜೀವಂತ ಮರ ನೋಡಿ. ಮೆಣಸಿನ ಬಳ್ಳಿ ಹಬ್ಬಿದ ಮರ ಬೇಡ. ಬೆಲ್ಟನ್ನು ಬುಡದಲ್ಲೇ, ನೆಲದಿಂದ ಒಂದಡಿಯೊಳಗೆ ಸುತ್ತಿ ಕಪ್ಪಿ ಕಟ್ಟಿ. ಚೈನು ಸುತ್ತಿದರೆ ತೊಗಟೆ ಹೋಗಿ ನೆರಳಿನ ಮರ ಒಣಗುತ್ತದೆ. ರೋಪಿನ ಒಂದು ತುದಿ ದಿಮ್ಮಿಗೆ, ಕಪ್ಪಿಯಲ್ಲಿ ಹಾಯಿಸಿ ಇನ್ನೊಂದು ತುದಿ ಡ್ರಾಬಾರಿಗೆ. ಟ್ರ್ಯಾಕ್ಟರ್ ಸಮತಟ್ಟಾದ ರಸ್ತೆಯ ಉದ್ದಕ್ಕೆ ಹೋಗುತ್ತದೆ, ದಿಮ್ಮಿ ಬರೆ ಹತ್ತಿ ಬರುತ್ತದೆ. ಟ್ರ್ಯಾಕ್ಟರ್ ತನ್ನ ಭಾರವನ್ನು ಏರಿಸಬೇಕಿಲ್ಲದ್ದರಿಂದ ಆ 180 ಕಿಲೋ ಪೂರ್ತಿ ದಿಮ್ಮಿಗೆ ಸಿಕ್ಕಿತು.

ಒಂದು ವಿಷಯ ಗಮನದಲ್ಲಿರಲಿ. ರೋಪ್ ಲಂಬಕೋನದಲ್ಲಿ ತಿರುಗಿದರೆ ಕಪ್ಪಿಯ ಬೆಲ್ಟಿನ ಮೇಲೆ ಎಳೆತದ 1.4 ಪಟ್ಟು ಭಾರ ಬೀಳುತ್ತದೆ. ಪೂರ್ತಿ ಹಿಂದಕ್ಕೆ ಮಡಚಿದರೆ ಎರಡು ಪಟ್ಟು. ಆದ್ದರಿಂದ ಕಪ್ಪಿ, ಶ್ಯಾಕಲ್, ಬೆಲ್ಟ್ ಮೂರೂ ರೋಪಿನ ಎರಡರಷ್ಟು ಗಟ್ಟಿ, ಅಂದರೆ 2 ಟನ್‌ನವು ಬೇಕು. ರೋಪ್ ಮಡಚಿದ ಕೋನದ ಒಳಗೆ ಯಾರೂ ನಿಲ್ಲಬಾರದು, ಬೆಲ್ಟ್ ಹರಿದರೆ ಕಪ್ಪಿ ಹಾರುವುದು ಅದೇ ಕಡೆಗೆ. ರೋಪಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ತುಂಡಾದಾಗ ಬೀಸುವ ವೇಗ ತಗ್ಗುತ್ತದೆ. ಕೆಳಗಿನವರಿಗೂ ಚಾಲಕರಿಗೂ ಒಬ್ಬರಿಗೊಬ್ಬರು ಕಾಣುವುದಿಲ್ಲ, ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಸೀಟಿ ಇಟ್ಟುಕೊಳ್ಳಿ: ಒಂದು ಸಲ ಊದಿದರೆ ನಿಲ್ಲಿಸು, ಎರಡು ಸಲ ಊದಿದರೆ ಎಳಿ. ಗಾಬರಿಯಲ್ಲಿ ಊದುವುದು ಒಂದೇ ಸಲ, ಅದಕ್ಕೇ ಒಂದು ಸೀಟಿಗೆ ನಿಲ್ಲಿಸುವ ಅರ್ಥ.

ದಿಮ್ಮಿ ಬರೆಯ ಅಂಚಿಗೆ ಬಂದಾಗ ಮೂತಿ ಮಣ್ಣಿಗೆ ಚುಚ್ಚಿ ನಿಲ್ಲುತ್ತದೆ. ಎಳೆಯುವ ಮೊದಲೇ ಅಂಚಿನ ಮೇಲೆ ಅಡಿಕೆ ದಬ್ಬೆ ಎರಡನ್ನು ಓರೆಯಾಗಿ ಹಾಸಿ, ಮೇಲೆ ಒಂದಿಷ್ಟು ನೀರು ಚೆಲ್ಲಿ. ಮೇಲೆ ಬಂದ ದಿಮ್ಮಿಗೆ ಎರಡೂ ಬದಿ ಅಡೆ ಕೊಡದೆ ರೋಪ್ ಬಿಚ್ಚಬೇಡಿ, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಸಂಜೆಯ ಕೆಲಸ

ಚೈನಿನ ಕೊಂಡಿಗಳನ್ನು ಬೆರಳಿನಿಂದ ಸವರಿ ನೋಡಿ. ಹಿಗ್ಗಿದ, ಬಿರುಕು ಬಿಟ್ಟ, ಹತ್ತರಲ್ಲಿ ಒಂದು ಪಾಲು ಸವೆದ ಕೊಂಡಿ ಇದ್ದರೆ ಆ ಚೈನು ಗುಜರಿಗೆ. ಬೆಸುಗೆ ಹಾಕಿಸಿ ಮತ್ತೆ ಬಳಸಬೇಡಿ. ವೈರ್ ರೋಪನ್ನು ಬರಿಗೈಯಲ್ಲಿ ಸವರಬೇಡಿ, ಬಟ್ಟೆ ಹಿಡಿದು ಎಳೆಯಿರಿ. ಎಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ತುಂಡಾಗಿದೆ.

ಕೊನೆಯ ದಿಮ್ಮಿ ಬಂದ ಮೇಲೆ ಎಳೆದ ದಾರಿಯಲ್ಲಿ ಚರಂಡಿಯಂಥ ಗೆರೆ ಉಳಿದಿರುತ್ತದೆ. ಹಾಗೇ ಬಿಟ್ಟರೆ ಜೂನ್ ಮಳೆಗೆ ಅದೇ ಹಳ್ಳವಾಗಿ ಮೇಲ್ಮಣ್ಣನ್ನೆಲ್ಲ ಕೆಳಗಿನ ಗದ್ದೆಗೆ ಇಳಿಸುತ್ತದೆ. ಕಡಿದಾದ ಕಡೆ 15 ಮೀಟರಿಗೊಂದರಂತೆ ದಾರಿಗೆ ಓರೆಯಾಗಿ ಒಂದಡಿ ಎತ್ತರದ ಮಣ್ಣಿನ ಏರಿ ಹಾಕಿ, ನೀರು ತೋಟದೊಳಗಿನ ಬಸಿಗಾಲುವೆಗೆ ಹೋಗುವಂತೆ ಬಾಯಿ ಬಿಡಿಸಿ. ಸವರಿದ ಕೊಂಬೆಗಳನ್ನು ಗೆರೆಯ ಉದ್ದಕ್ಕೂ ಹರಡಿ, ದಪ್ಪನೆಯ ತುದಿ ಇಳಿಜಾರಿನ ಕಡೆಗಿರಲಿ.